ರುಚಿ ನೋಡದ ಅಡಿಗೆ

ಮಾಂಸದಂಗಡಿಯವನು ಕೊನೆಗೂ ಕೇಳಿಯೇಬಿಟ್ಟ. ಕೇಳುತ್ತಾನೆಂದು ಗೊತ್ತಿದ್ದೇ ಮಿರಾನ್ ಮಧ್ಯಾಹ್ನದಿಂದ ಬೇರೆ ಅಂಗಡಿಗೆ ಹೋಗುವ ಯೋಚನೆಯಲ್ಲಿದ್ದಳು. ಆದರೆ ಬೇರೆ ಅಂಗಡಿಯೆಂದರೆ ಬಸ್ಸಿನಲ್ಲಿ ಮನೆ ದಾಟಿ ಮುಂದಕ್ಕೆ ಹೋಗಿ ಮತ್ತೆ ಹಿಂದಕ್ಕೆ ನಡೆಯಬೇಕು; ಬೆಳಗಿನಿಂದ ಶಾಲೆಯ ಅಡಿಗೆಮನೆಯ ಒದ್ದೆ ನೆಲದ ಮೇಲೆ ನಿಂತೇ ಇದ್ದ ಕಾಲುಗಳು ಅದಕ್ಕೆ ಒಪ್ಪಲಿಲ್ಲ. "ಏನಕ್ಕಾ, ಈ ಸಲ ತಡ ಮಾಡಿಬಿಟ್ರಿ? ನಿಮ್ಮ ಮಾವನೋರ ತಿಥಿ ಹತ್ರ ಬಂತು ಅಂತ ಎದೆಮಾಂಸ ಎತ್ತಿಟ್ಟಿದ್ದೀನಿ ನೋಡಿ, ಸಾರಿಗೆ ಇದಕ್ಕಿಂತ ಒಳ್ಳೇದು ಸಿಗಲ್ಲ," ಎಂದು ಗಾಜಿನ ಪೆಟ್ಟಿಗೆಯ ಒಳಗಿಂದ ದನದ ಮಾಂಸದ ದೊಡ್ಡ ತುಂಡೊಂದನ್ನು ತೆಗೆದು ಅವಳ ಮುಂದಿಟ್ಟ. ಅವನು ಪ್ರೀತಿಯಿಂದಲೇ ಎತ್ತಿಟ್ಟಿದ್ದ. ಅದೇ ಅವಳಿಗೆ ಸಂಕಟವಾದದ್ದು. "ಈ ವರ್ಷ ನಮ್ಮನೇಲಿ ಇಲ್ಲ," ಎಂದಳು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು, ಬಾಯಿ ಸುಮ್ಮನಿರಲಿಲ್ಲ. "ನಮ್ಮ ಯಜಮಾನ್ರ ಅಣ್ಣನ ಮನೇಲಿ ಮಾಡ್ತಾರೆ." ಅವನು ಕತ್ತಿ ಒರೆಸುತ್ತಾ ಹುಬ್ಬೇರಿಸಿದ. "ಅಣ್ಣ ಇದ್ದಾರಾ? ನಿಮ್ಮ ಅತ್ತೆ ಯಾವಾಗ್ಲೂ, ಒಬ್ನೇ ಮಗ, ಒಬ್ನೇ ಮಗ ಅಂತಿದ್ರಪ್ಪ." ಹಿಂದೆ ನಿಂತಿದ್ದ ಹೆಂಗಸು ಮುಖ ಎತ್ತಿ ನೋಡಿದಳು. "ದೊಡ್ಡಪ್ಪನ ಮಗ," ಎಂದಳು ಮಿರಾನ್. ಕಿವಿ ಬಿಸಿಯಾಯಿತು. "ಹಾಗಾದ್ರೆ ಪುಣ್ಯವಂತೆ ಬಿಡಿ. ಉಂಡು ಕೈ ತೊಳ್ಕೊಂಡು ಬರೋದಷ್ಟೇ," ಎಂದು ನಕ್ಕು ಅವನು ಎದೆಮಾಂಸವನ್ನು ಮತ್ತೆ ಒಳಗಿಟ್ಟ. ಅವಳು ಹಂದಿಯ ಭುಜದ ಮಾಂಸ ಕೇಳಿದಳು, ತೆಳ್ಳಗೆ ಕೊಯ್ದದ್ದು, ಬೇಗ ಬೇಯುವಂಥದ್ದು. ಮೂರು ಜನಕ್ಕಾಗುವಷ್ಟು.

ರಸ್ತೆಯುದ್ದಕ್ಕೂ ಗಿಂಕೊ ಮರಗಳು ಹಳದಿಯಾಗಿದ್ದವು. ಉದುರಿದ ಹಣ್ಣು ಕಾಲಿಗೆ ಸಿಕ್ಕಿ ಜಜ್ಜಿ, ನಾತ ಬಡಿಯುತ್ತಿತ್ತು. ಗ್ವಾಂಗ್ಜು ನಗರಕ್ಕೆ ಸೊಸೆಯಾಗಿ ಬಂದ ಮೊದಲ ವರ್ಷ ಈ ನಾತಕ್ಕೆ ಮೂಗು ಮುಚ್ಚಿಕೊಂಡಿದ್ದಳು. ಈಗ ಈ ನಾತ ಬಂತೆಂದರೆ ಮಾವನ ತಿಥಿ ಬಂತೆಂದೇ ಲೆಕ್ಕ. ಮೂಗು ಮರೆಯುವುದಿಲ್ಲ. ಒಂದು ದಿನ ಮುಂಚೆಯೇ ಬೇಳೆ ನೆನೆಹಾಕುವುದು, ಜರೀಗಿಡದ ಚಿಗುರು ಬೇಯಿಸುವುದು, ನೆಲದ ಮೇಲೆ ಕಾಗದ ಹಾಸಿ, ಕಾವಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೀನು, ಕುಂಬಳ, ಅಣಬೆ ಒಂದೊಂದನ್ನೂ ಮೊಟ್ಟೆಯಲ್ಲಿ ಅದ್ದಿ ಹುರಿಯುವುದು. ಎಡೆಯ ಅಡಿಗೆಗೆ ಬೆಳ್ಳುಳ್ಳಿ ಹಾಕುವಂತಿಲ್ಲ, ಮೆಣಸಿನಪುಡಿ ಹಾಕುವಂತಿಲ್ಲ, ಸತ್ತವರು ಉಣ್ಣುವ ಮುಂಚೆ ಬದುಕಿದವರು ರುಚಿ ನೋಡುವಂತಿಲ್ಲ. ಮೊದಲ ವರ್ಷ ಸಾರಿಗೆ ಬೆರಳದ್ದಿ ನಾಲಿಗೆಗೆ ತಾಕಿಸಿದ್ದಕ್ಕೆ ಅತ್ತೆ ಸೌಟಿನಿಂದ ಮಣಿಕಟ್ಟಿನ ಮೇಲೆ ಹೊಡೆದಿದ್ದರು. ಜೋರಾಗಿಯಲ್ಲ, ಆದರೆ ನೆರೆಮನೆಯವರ ಮುಂದೆ. "ಅವರಿಗಿಂತ ಮುಂಚೆ ನಿನ್ನ ನಾಲಿಗೆನಾ?" ಅಡಿಗೆ ಎಲ್ಲ ಮೇಜಿಗೇರಿದ ಮೇಲೆ ಮುಂಬಾಗಿಲನ್ನು ಒಂದು ಗೇಣು ತೆರೆದಿಡಬೇಕು, ಸತ್ತವರು ಒಳಗೆ ಬರಲಿ ಎಂದು. ಅಡ್ಡಬೀಳುವುದೆಲ್ಲ ಮುಗಿದು, ಬಂದವರು ಉಂಡು ಹೋದರೆಂದು ಆದ ಮೇಲೆ, ಆರಿ ತಣ್ಣಗಾದದ್ದನ್ನು ಮನೆಯವರು ಉಣ್ಣಬೇಕು. ಅದರಲ್ಲೂ ಗಂಡಸರು ಉಂಡ ಮೇಲೆ ಅವಳು. ಆ ಮಾವನನ್ನು ಅವಳು ನೋಡಿಯೇ ಇರಲಿಲ್ಲ. ಅವಳು ಬರುವ ಮುಂಚೆಯೇ ಹೋಗಿದ್ದ. ದೊಡ್ಡ ಕಿವಿಗಳ ಒಂದು ಫೋಟೋ, ಅಷ್ಟೇ. ಈ ಮನೆಯಲ್ಲಿ ಅವಳ ಅಡಿಗೆಯನ್ನು ಒಂದು ಸಲವೂ ಹಳಿಯದವನೆಂದರೆ ಅವನೊಬ್ಬನೇ ಎಂದು ಅವಳು ಶಾಲೆಯ ಅಡಿಗೆಮನೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದುಂಟು.

ಹೋದ ವರ್ಷ ಇದೇ ದಿನ, ಪಾತ್ರೆ ತೊಳೆಯುವಾಗ, ಅವಳ ಬಲಗೈ ಕೆಲಸ ಮಾಡುವುದನ್ನೇ ನಿಲ್ಲಿಸಿತು. ನೋವೆಂದಲ್ಲ, ಬೆರಳುಗಳು ಹೇಳಿದ ಮಾತು ಕೇಳಲಿಲ್ಲ. ಎಡೆಯ ಹಿತ್ತಾಳೆ ಬಟ್ಟಲು ಜಾರಿ ಸಿಂಕಿನೊಳಗೆ ಬಿದ್ದು ಸದ್ದಾಯಿತು. ಅದೇ ಸದ್ದಿನೊಳಗೆ ಅವಳ ಗಂಟಲೂ ಎದ್ದಿತು. "ನನ್ನ ಕೈಲಿ ಇನ್ನಾಗಲ್ಲ. ಶಾಲೇಲಿ ಊರಿನ ಮಕ್ಕಳಿಗೆಲ್ಲ ಬೇಯಿಸಿ ಹಾಕಿ ಬಂದು ಇಲ್ಲಿ ಸತ್ತೋರಿಗೂ ಬೇಯಿಸ್ಲಾ? ನಿಮ್ಮಪ್ಪನಿಗೆ ಹಸಿವಾದ್ರೆ ನೀವೇ ಬೇಯಿಸಿ ಹಾಕಿ." ಗಂಡ ತೇಗ್ಯು ಪಕ್ಕದಲ್ಲೇ ತಟ್ಟೆ ಒರೆಸುತ್ತಿದ್ದ. ಅವನು ನಲ್ಲಿಯನ್ನು ಇನ್ನಷ್ಟು ತಿರುಗಿಸಿದ. ನೀರಿನ ಸದ್ದಿನಲ್ಲಿ ಹೆಂಡತಿಯ ಮಾತು ಮುಚ್ಚಿಹೋಗಲಿ ಎಂದು. ಮುಚ್ಚಿಹೋಗಲಿಲ್ಲ. ಅತ್ತೆಯ ಕೋಣೆಯ ಬಾಗಿಲು ಅರ್ಧ ತೆರೆದೇ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ಮುದುಕಿ ನೆಲದ ಮೇಲೆ ಕೂತು ಹಿತ್ತಾಳೆ ಬಟ್ಟಲುಗಳನ್ನು ಒಂದೊಂದಾಗಿ ಹಳೇ ಪೇಪರಿನಲ್ಲಿ ಸುತ್ತುತ್ತಿದ್ದರು. "ಸಾಕು ಬಿಡು. ಮುಂದಿನ ವರ್ಷದಿಂದ ಬೇಡ," ಎಂದರು. ಅಷ್ಟೇ. ಜಗಳಕ್ಕೆಂದು ಮಿರಾನ್ ರಾತ್ರಿಯೆಲ್ಲ ಮಾತು ಜೋಡಿಸಿಟ್ಟುಕೊಂಡಿದ್ದಳು, ಸೌಟಿನ ಪೆಟ್ಟಿನಿಂದ ಹಿಡಿದು. ಅದೆಲ್ಲ ಹಾಗೇ ಗಂಟಲಲ್ಲೇ ಉಳಿಯಿತು. ಮುದುಕಿ ಒಂದು ಮಾತು ಬೈದಿದ್ದರೂ ಈ ವರ್ಷವೆಲ್ಲ ಅವಳು ಹಾಯಾಗಿ ನಿದ್ದೆ ಮಾಡುತ್ತಿದ್ದಳು. ಬೈಯದೆ ಬಿಟ್ಟರು. ಅಂದಿನಿಂದ ಅವರ ಎದುರು ಕೂತು ಉಣ್ಣುವಾಗೆಲ್ಲ ಅವಳಿಗೆ, ಒಪ್ಪಿ ಬಿಟ್ಟರೋ ಸೋತು ಬಿಟ್ಟರೋ ಎಂದು ಕೇಳಬೇಕೆನ್ನಿಸುತ್ತದೆ. ಕೇಳುವ ಧೈರ್ಯವಿಲ್ಲ. ಇವತ್ತು ಆ ದಿನ. ಎಲ್ಲರಿಗೂ ಗೊತ್ತು, ಬೆಳಗಿನಿಂದ ಯಾರೂ ಬಾಯಿ ಬಿಟ್ಟಿಲ್ಲ.

ಬಾಗಿಲ ಗುಂಡಿಗಳನ್ನೊತ್ತಿ ಒಳಗೆ ಬಂದಳು. ಹಿಂದೆ ಬಾಗಿಲು ಮುಚ್ಚಿ ಬೀಗ ಎಂದಿನ ಪುಟ್ಟ ರಾಗ ಹಾಡಿ ಸುಮ್ಮನಾಯಿತು. ಚಪ್ಪಲಿ ಬಿಡುವ ಜಾಗದಲ್ಲಿ ಅತ್ತೆಯ ಬೂಟು ಇತ್ತು. ಅದರ ಸುತ್ತ ಒಣಹುಲ್ಲಿನ ಮುಳ್ಳುಬೀಜ ಅಂಟಿಕೊಂಡಿದ್ದವು. ಮುದುಕಿ ಮಂಡಿನೋವೆಂದು ಕೆಳಗಿನ ಅಂಗಡಿಗೂ ಹೋಗುವವರಲ್ಲ. ಎಲ್ಲಿಗೆ ಹೋಗಿದ್ದರು? ಅಷ್ಟರಲ್ಲಿ ಅವಳ ಕಣ್ಣು ಊಟದ ಮೇಜಿನ ಮೇಲೆ ಬಿತ್ತು. ಬಿಳಿ ತಟ್ಟೆಯೊಳಗೆ ಒಂದೇ ಒಂದು ಮರಸೇಬು, ಮಗುವಿನ ತಲೆಯಷ್ಟಿತ್ತು. ಎಡೆಗಿಡುವ ಹಣ್ಣು ಹಾಗೇ ಇರುತ್ತದೆ, ಸಿಪ್ಪೆ ತೆಗೆಯದೆ, ನೆತ್ತಿಯನ್ನಷ್ಟೇ ಸವರಿ, ತಟ್ಟೆಯಲ್ಲಿ. ಹಾಗಾದರೆ ಒಬ್ಬರೇ ಮಾಡುವುದೆಂದು ತೀರ್ಮಾನಿಸಿದ್ದಾರೆ. ಸೊಸೆ ಕೈಬಿಟ್ಟಳು, ಎಂಬತ್ತು ದಾಟಿದ ನಾನೇ ಮಾಡುತ್ತೇನೆ ಎಂದು ಎಲ್ಲರ ಕಣ್ಣಿಗೆ ಬೀಳುವ ಹಾಗೆ. ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ನಾಚಿಕೆಯೂ ಬಂತು. ಹತ್ತಿರ ಹೋಗಿ ಹಣ್ಣನ್ನೆತ್ತಿ ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ಪೆಟ್ಟು ಬಿದ್ದಿತ್ತು, ಹೆಬ್ಬೆರಳಿನಗಲ, ಕಂದು ಬಣ್ಣ. ಪೆಟ್ಟು ಬಿದ್ದ ಹಣ್ಣನ್ನು ಎಡೆಗಿಡುವುದಿಲ್ಲ. ಅಂಗಡಿಯವನು ಅಂಥದ್ದು ಕೊಟ್ಟರೆ ಅತ್ತೆ ಅವನ ಮುಖಕ್ಕೇ ಹಿಡಿದು ವಾಪಸು ಕೊಟ್ಟು ಬರುತ್ತಿದ್ದರು. ಅಬ್ಬ, ತಿಥಿಗಲ್ಲ ಎಂದು ಸಮಾಧಾನವಾಯಿತು. ಒಂದು ಕೊಳೆತ ಕಲೆಯನ್ನು ನೋಡಿ ಸಮಾಧಾನಪಡುವಂಥ ಹೆಂಗಸಾದೆನಲ್ಲ ಎಂದೂ ಅನ್ನಿಸಿತು.

"ಅತ್ತೆ, ಈ ಹಣ್ಣು ಯಾಕೆ ತಂದ್ರಿ?" ಎಂದು ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಳು. ಟಿವಿ ಹಾಕಿರಲಿಲ್ಲ. ಮುದುಕಿ ಕಿಟಕಿಯ ಹತ್ತಿರ ಕೂತು ತಲೆಗೂದಲು ಒಣಗಿಸಿಕೊಳ್ಳುತ್ತಿದ್ದರು. ಈ ಹೊತ್ತಿಗೆ ಸ್ನಾನ ಮಾಡಿದ್ದಾರೆ, ಪ್ರತಿ ವರ್ಷದ ಹಾಗೆ. "ತಿನ್ನೋಕೆ. ಹಣ್ಣು ಇನ್ಯಾಕೆ ತರ್ತಾರೆ?" "ಹಂದಿ ಮಾಂಸ ತಂದಿದ್ದೀನಿ. ಬೇಗ ಆಗುತ್ತೆ ಅಂತ. ಈ ಹಣ್ಣನ್ನ ಅದಕ್ಕೆ ತುರಿದು ಹಾಕ್ಲಾ?" ಮುದುಕಿ ಬಾಚಣಿಗೆಯ ಹಲ್ಲಿಗೆ ಸಿಕ್ಕಿದ ಕೂದಲನ್ನು ನಿಧಾನವಾಗಿ ಬಿಡಿಸಿದರು. "ನಿನ್ನ ಅಡಿಗೆಮನೆ. ನನ್ನೇನು ಕೇಳ್ತೀಯ." ಮೊದಲಾಗಿದ್ದರೆ ಉಪ್ಪಿನ ಡಬ್ಬಿ ಒಂದಿಂಚು ಸರಿದರೂ ಕೂಗಾಡುತ್ತಿದ್ದ ಹೆಂಗಸು. ಈ ಮಾತಿನಲ್ಲಿ ಕೊಂಕಿತ್ತೋ ಇಲ್ಲವೋ ಮಿರಾನ್‌ಗೆ ತಿಳಿಯಲಿಲ್ಲ. ಅವರು ಮುಖ ತಿರುಗಿಸಲಿಲ್ಲ. ಬೂಟಿಗೆ ಅಂಟಿದ ಬೀಜದ ವಿಷಯ ಕೇಳಬೇಕೆಂದಿದ್ದವಳು ಅಡಿಗೆಮನೆಗೆ ಹೋದಳು.

ಶಾಲೆಯಲ್ಲಿ ಇವತ್ತು ಕುಮ್ಜಾ, ಅವಳ ಜೊತೆ ಮೂಲಂಗಿ ಹೆಚ್ಚುವವಳು, ಎಲ್ಲರೆದುರು ರೇಗಿಸಿದ್ದಳು. "ಏನಮ್ಮ, ಬಿಡುಗಡೆಯಾದ ಸೊಸೆ! ಸಂಜೆ ಏನ್ ಪ್ರೋಗ್ರಾಮು? ಕಾಲ ಮೇಲೆ ಕಾಲು ಹಾಕ್ಕೊಂಡು ಧಾರಾವಾಹಿನಾ?" ಎಲ್ಲರೂ ನಕ್ಕರು, ಅವಳೂ ನಕ್ಕಳು. ಕಾಲ ಮೇಲೆ ಕಾಲು ಹಾಕಿಕೊಳ್ಳುವುದಕ್ಕೆ ಕಾಲೆತ್ತುವ ಶಕ್ತಿ ಬೇಕಲ್ಲ. ಆಸರೆಗೆಂದು ಬಲಗೈಗೆ ಕಟ್ಟಿದ್ದ ಪಟ್ಟಿ ಬಿಚ್ಚಿಟ್ಟು, ಅಕ್ಕಿ ತೊಳೆದು ಕುಕ್ಕರಿಗಿಟ್ಟು, ಮರಸೇಬಿನ ಸಿಪ್ಪೆ ಹೆರೆದಳು. ಪೆಟ್ಟು ಬಿದ್ದ ಕಡೆ ಚಾಕು ಮೆತ್ತಗೆ ಇಳಿಯಿತು, ಅದಷ್ಟನ್ನು ಕೆತ್ತಿ ಹಾಕಿದಳು. ಉಳಿದದ್ದರಲ್ಲಿ ಅರ್ಧ ತುರಿದಳು, ಅರ್ಧ ತೆಳ್ಳಗೆ ಹೆಚ್ಚಿಟ್ಟುಕೊಂಡಳು. ತುರಿಮಣೆಯ ಕೆಳಗೆ ರಸ ಕಟ್ಟಿಕೊಂಡಿತು. ಅಳತೆ ನೋಡದೆ ಸೋಯಾ ಸಾಸ್ ಸುರಿದಳು, ಶುಂಠಿ ಜಜ್ಜಿ ಹಾಕಿದಳು, ಕಾಳುಮೆಣಸು, ಎಳ್ಳೆಣ್ಣೆ. ಮಾಂಸವನ್ನು ಎಳೆಎಳೆ ಬಿಡಿಸಿ ಅದರೊಳಗೆ ಹಾಕಿ ಕೈಯಿಂದಲೇ ಕಲಸಿದಳು. ಕೈಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು. ಅವಳು ಬೇರೆಲ್ಲೋ ಇದ್ದಳು. ದೊಡ್ಡ ಕಿವಿಯ ಆ ಮನುಷ್ಯ ಈಗ ಎಲ್ಲಿರಬಹುದು ಎಂದು ಯೋಚಿಸುತ್ತಿದ್ದಳು. ಸತ್ತವರಿಗೆ ಯಾರು ತಿಳಿಸುತ್ತಾರೆ? ಪ್ರತಿ ವರ್ಷ ಬರುವ ಹಾಗೆ ಬಂದು, ಕೆಳಗೆ ಲಿಫ್ಟಿನ ಮುಂದೆ ನಿಂತು, ಒಂಬತ್ತನೇ ಮಹಡಿಗೆ ಬಂದು, ಮುಚ್ಚಿದ ಬಾಗಿಲು ನೋಡಿದರೆ? ತಟ್ಟುವ ಅಭ್ಯಾಸ ಅವನಿಗಿರಲಿಕ್ಕಿಲ್ಲ. ತೇಗ್ಯುವಿಗಿರುವಂಥದೇ ಸಂಕೋಚ ಇರಬೇಕು, ಗೋಡೆಗೊರಗಿ ನಿಲ್ಲುತ್ತಾನೆ, ಎದುರು ಮನೆಯವರು ಬಂದರೆ ಸರಿದು ದಾರಿ ಬಿಡುತ್ತಾನೆ. ನಂಬುವವಳಲ್ಲ ಅವಳು. ಒಂದು ದಿನವೂ ನಂಬಿರಲಿಲ್ಲ, ನಂಬದೆಯೇ ಅಷ್ಟು ವರ್ಷ ಬೇಯಿಸಿದ್ದಳು. ಈಗ ಬಿಟ್ಟ ಮೇಲೆ ಅವನು ಹಸಿದುಕೊಂಡು ಬಾಗಿಲಲ್ಲಿ ನಿಂತಿದ್ದಾನೆ ಎನ್ನಿಸುತ್ತಿತ್ತು.

ಬಾಣಲೆ ಕಾದಿತ್ತು. ಮಾಂಸ ಬಿದ್ದೊಡನೆ ಚೊಂಯ್ ಎಂದು ಹೊಗೆಯೆದ್ದಿತು. ಹೊಗೆ ಎಳೆಯುವ ಫ್ಯಾನು ಹಾಕಿದಳು, ಅದರ ಸದ್ದಿನಲ್ಲಿ ಮನೆಯೇ ಕೇಳಿಸದಾಯಿತು. ಈರುಳ್ಳಿ, ಆಮೇಲೆ ಹೆಚ್ಚಿಟ್ಟ ಮರಸೇಬು. ಹಣ್ಣಿನ ತುದಿಗಳು ಕಂದಾಗುತ್ತಾ ಬಂದವು. ತಿರುಗಿ ನೋಡಿದರೆ ತೇಗ್ಯು ನಿಂತಿದ್ದ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು, ದಿನವೂ ಕತ್ತಲಾದ ಮೇಲೇ ಬರುವವನು, ಇವತ್ತು ಇನ್ನೂ ಬೆಳಕಿದೆ. "ಯಾವಾಗ ಬಂದ್ರಿ? ಬೀಗದ ಸದ್ದೇ ಕೇಳಿಸ್ಲಿಲ್ಲ." "ಈ ಫ್ಯಾನಲ್ಲಿ ಏನ್ ಕೇಳಿಸುತ್ತೆ?" ಎಂದು ಅವನು ಬಾಣಲೆಯೊಳಗೆ ಇಣುಕಿದ. "ಘಮ್ ಅಂತಿದೆ." ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದ. ನೀರಿನ ಸದ್ದು. ಈ ಮನುಷ್ಯನಿಗೆ ನಲ್ಲಿ ತಿರುಗಿಸುವುದೊಂದು ಗೊತ್ತು ಎಂದುಕೊಂಡು ಅವಳು ಒಲೆ ಆರಿಸಿದಳು.

ಮೂವರೂ ಕೂತರು. ಅನ್ನ, ಮೂಲಂಗಿ ಸಾರು, ಹುರಿದ ಸೊಪ್ಪು, ಮಧ್ಯದಲ್ಲಿ ಬಾಣಲೆಯ ಸಮೇತ ಮಾಂಸ. ಎಷ್ಟು ಸಣ್ಣ ಊಟ! ಹೋದ ವರ್ಷ ಈ ಹೊತ್ತಿಗೆ ಎರಡು ಮೇಜು ಜೋಡಿಸಿದ್ದರೂ ತಟ್ಟೆಗಳಿಗೆ ಜಾಗ ಸಾಲದೆ ಪರದಾಡಿದ್ದಳು. ಅತ್ತೆ ಚಾಪ್‌ಸ್ಟಿಕ್ ಎತ್ತುವವರೆಗೆ ಯಾರೂ ಎತ್ತುವುದಿಲ್ಲ. ಅವರು ಒಂದು ಎಳೆ ಮಾಂಸ, ಅದರ ಮೇಲೊಂದು ಹೋಳು ಹಣ್ಣು ಇಟ್ಟುಕೊಂಡು ಬಾಯಿಗೆ ಹಾಕಿಕೊಂಡರು. ಅಗಿದರು. ಅಗಿಯುವುದನ್ನು ನಿಲ್ಲಿಸಿ ಸೊಸೆಯ ಮುಖ ನೋಡಿದರು. ಅಷ್ಟರಲ್ಲಿ ತೇಗ್ಯುವೂ ಒಂದು ತುತ್ತು ತಿಂದು, "ಏನಿದು, ಖಾರಾನೇ ಇಲ್ಲ? ಬೆಳ್ಳುಳ್ಳಿ ಹಾಕೋದು ಮರೆತ್ಯಾ?" ಎಂದ. ಎಂದವನೇ ಬಾಯಿ ಮುಚ್ಚಿಕೊಂಡ.

ಮಿರಾನ್ ಬಾಣಲೆಯನ್ನು ನೋಡಿದಳು. ಬೆಳ್ಳುಳ್ಳಿಯಿಲ್ಲ. ಮೆಣಸಿನಪುಡಿಯಿಲ್ಲ. ಶಾಲೆಯಲ್ಲಿ ಬೆಳಿಗ್ಗೆಯಿಂದ ಬೆಳ್ಳುಳ್ಳಿ ಜಜ್ಜಿ ಜಜ್ಜಿ ಅವಳ ಬೆರಳಿಗೇ ಅದರ ವಾಸನೆ ಹತ್ತಿತ್ತು, ಹಂದಿ ಮಾಂಸಕ್ಕೆ ಬೆಳ್ಳುಳ್ಳಿ ಹಾಕುವುದನ್ನು ಯಾರಾದರೂ ಮರೆಯುತ್ತಾರೆಯೇ? ಒಂದು ಸಲವಾದರೂ ರುಚಿ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಿರಲಿಲ್ಲ. ಕಲಸುವಾಗ ನೋಡಿರಲಿಲ್ಲ, ಹುರಿಯುವಾಗಲೂ ನೋಡಿರಲಿಲ್ಲ. ಸೌಟಿನ ಪೆಟ್ಟು ತಿಂದ ಕೈ ಅವಳನ್ನು ಒಂದು ಮಾತೂ ಕೇಳದೆ ಆ ಮುದುಕನಿಗೇ ಅಡಿಗೆ ಮಾಡಿತ್ತು. ಎಲ್ಲರ ಮುಂದೆ ಬಟ್ಟೆ ಜಾರಿದ ಹಾಗಾಯಿತು. ಈಗ ಇವರು ಏನೆಂದುಕೊಳ್ಳುತ್ತಾರೆ? ಹಂಗಿಸುವುದಕ್ಕೆ ಮಾಡಿದಳೆಂದೋ? ಕ್ಷಮಿಸಿ ಎಂದು ಕಾಲು ಹಿಡಿಯುತ್ತಿದ್ದಾಳೆಂದೋ? ಎರಡೂ ಅಲ್ಲವೆಂದು ಹೇಳೋಣವೆಂದರೆ ಮತ್ತೆ ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. "ಆಯಾಸ. ಅಷ್ಟೇ. ಗಮನ ಇರ್ಲಿಲ್ಲ," ಎಂದಳು. "ತನ್ನಿ, ಮತ್ತೆ ಒಲೆ ಮೇಲಿಟ್ಟು ಬೆಳ್ಳುಳ್ಳಿ ಹಾಕ್ತೀನಿ." ಬಾಣಲೆಯ ಹಿಡಿಗೆ ಕೈಹಾಕಿದಳು. ಮುದುಕಿ ಅವಳ ಮಣಿಕಟ್ಟನ್ನು ಹಿಡಿದುಕೊಂಡರು.

"ಬಿಡು," ಎಂದರು ಅತ್ತೆ. "ಎಡೆಗೆ ಇದೇ ರುಚಿ ಮಾಡಿ ಮಾಡಿ ಹಾಕಿದ್ದೀಯ. ಇಷ್ಟು ವರ್ಷ ತಿಂದದ್ದೆಲ್ಲ ಆರಿದ್ದು, ತಣ್ಣಗೆ ಕೊಬ್ಬು ಕಟ್ಟಿದ್ದು. ಬಿಸಿ ಇದ್ದಾಗ ಹೀಗಿರುತ್ತೆ ಅಂತ ಇವತ್ತೇ ಗೊತ್ತಾಗಿದ್ದು. ಚೆನ್ನಾಗಿದೆ." ಮತ್ತೊಂದು ತುತ್ತು ತೆಗೆದುಕೊಂಡರು. ಅವರ ಹಿಡಿತ ಇನ್ನೂ ಮಣಿಕಟ್ಟಿನ ಮೇಲಿತ್ತು, ಸರಿಯಾಗಿ ಅದೇ ಜಾಗದಲ್ಲಿ. ಮಿರಾನ್‌ಗೆ ಅಳು ಬಂತು. ಇದು ಪ್ರೀತಿಯೆಂದಲ್ಲ, ಈ ಮಾತನ್ನು ಹೇಳುವುದಕ್ಕೆ ಇಷ್ಟು ವರ್ಷ ಬೇಕಿತ್ತೇ ಎಂದು. ಅಳುವುದಕ್ಕೂ ಸುಸ್ತಾಗಿತ್ತು. ಆಗ ಕಾಲಿಗೆ ಚಳಿಗಾಳಿ ತಾಗಿತು. ಯಾವುದೋ ಕಿಟಕಿ ತೆರೆದಿದೆಯೆಂದು ಕತ್ತು ತಿರುಗಿಸಿದವಳಿಗೆ ಮುಂಬಾಗಿಲು ಕಾಣಿಸಿತು. ಒಂದು ಗೇಣು ತೆರೆದಿತ್ತು. ಮುಚ್ಚಿಕೊಳ್ಳದ ಹಾಗೆ ಸಂದಿಗೆ ತೇಗ್ಯುವಿನ ಬೂಟು ಸಿಕ್ಕಿಸಿತ್ತು.

ತೇಗ್ಯು ತಲೆ ತಗ್ಗಿಸಿ ಅನ್ನ ನೋಡುತ್ತಿದ್ದ. ಕಿವಿ ಕೆಂಪಾಗಿದ್ದವು. ಫೋಟೋದ ಕಿವಿಗಳೇ. ಅತ್ತೆ ಬಾಗಿಲನ್ನೂ ಮಗನನ್ನೂ ನೋಡಿ ನಿಟ್ಟುಸಿರುಬಿಟ್ಟರು. "ಅಯ್ಯೋ ನಿನ್ನ. ಅವರು ಬರಲ್ಲ ಕಣೋ. ಬೆಳಿಗ್ಗೆ ಗುಡ್ಡದ ಮೇಲೆ ಹೋಗಿ ಹೇಳಿ ಬಂದಿದ್ದೀನಿ."

"ಸಮಾಧಿಗಾ? ಈ ಮಂಡೀಲಾ?" ಎಂದ ತೇಗ್ಯು. "ಒಬ್ಬರೇ?"

"ಮತ್ತೆ ಯಾರನ್ನ ಕರೀಲಿ? ನೀನು ಬಂದಿದ್ರೆ ಅಲ್ಲೂ ಬಾಗಿಲು ಹುಡುಕ್ತಿದ್ದೆ. ಇನ್ನು ಮೇಲೆ ಊಟಕ್ಕೆ ಬರಬೇಡಿ, ಹುಡುಗಿ ಕೈ ಬಿದ್ದುಹೋಗಿದೆ ಅಂದೆ. ಬಸ್ ನಿಲ್ದಾಣದಲ್ಲಿ ಒಬ್ಬಳು ಹಣ್ಣು ಮಾರ್ತಿದ್ಲು. ಒಳ್ಳೇದು ಎತ್ತಿಕೊಟ್ಲು. ಬೇಡಮ್ಮ, ಪೆಟ್ಟು ಬಿದ್ದದ್ದೇ ಕೊಡು ಅಂದೆ. ಒಳ್ಳೇದು ತಂದು ಮೇಜಿನ ಮೇಲಿಟ್ರೆ ಇವಳು ಏನೇನೋ ಅಂದ್ಕೋತಾಳೆ."

"ಅಪ್ಪ ಏನಂದ್ರು?" ಎಂದು ತೇಗ್ಯು ಕೇಳಿದ. ಕೇಳಿದ್ದು ತಮಾಷೆಗೋ ನಿಜಕ್ಕೋ ಅವನ ಮುಖದಿಂದ ತಿಳಿಯಲಿಲ್ಲ.

"ಏನಂತಾರೆ? ಬದುಕಿದ್ದಾಗಲೇ ಬಾಯಿ ಬಿಡ್ತಿರ್ಲಿಲ್ಲ, ನಿನ್ನ ಹಾಗೇ. ಹೋಗೇ ಮಿರಾನ್, ಬಾಗಿಲು ಹಾಕಿ ಬಾ. ಚಳಿ."

ಎದ್ದಳು. ಮಂಡಿ ಕಟಕಟ ಎಂದವು. ಬಾಗಿಲ ಹತ್ತಿರ ಬಗ್ಗಿ ಬೂಟನ್ನು ಎಳೆದಳು. ಎಳೆಯುವ ಮುಂಚೆ, ನಂಬದವಳು, ಸಂದಿಯಿಂದ ಹೊರಗೆ ಇಣುಕಿ ನೋಡಿದಳು. ಮೊಗಸಾಲೆಯಲ್ಲಿ ಯಾರೂ ಇರಲಿಲ್ಲ. ಎದುರು ಮನೆಯವರ ಸೈಕಲ್ ಇತ್ತು, ಗೋಡೆಯ ಪಕ್ಕ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗವಿತ್ತು. ಲಿಫ್ಟು ಕೆಳಗೆಲ್ಲೋ ನಿಂತಿತ್ತು. ತನ್ನ ಕೈ ಬಿದ್ದುಹೋಗಿರುವುದನ್ನು ಈ ಮನೆಯಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಿದ್ದಾರೆಂದರೆ ಅದು ಇವತ್ತು ಬೆಳಿಗ್ಗೆ, ಗುಡ್ಡದ ಮೇಲೆ, ಸತ್ತವನೊಬ್ಬನಿಗೆ. ಬಾಗಿಲು ಮುಚ್ಚಿದಳು. ಬೀಗ ತನ್ನ ಪುಟ್ಟ ರಾಗವನ್ನು ಹಾಡಿ ಮುಗಿಸುವವರೆಗೆ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದಳು.

"ಬಾರೇ ಹುಡುಗಿ, ಆರೋಗುತ್ತೆ," ಎಂದರು ಅತ್ತೆ ಒಳಗಿನಿಂದ.

ಬಂದು ಕೂತಳು. ಅವಳ ಬಟ್ಟಲಿನ ಅನ್ನದ ಮೇಲೆ ಯಾರೋ ಮಾಂಸವನ್ನು ತೆಗೆದಿಟ್ಟಿದ್ದರು, ಮೇಲೊಂದು ಹೋಳು ಮರಸೇಬು. ಇನ್ನೂ ಹಬೆಯಾಡುತ್ತಿತ್ತು. ಬಾಯಿಗಿಟ್ಟುಕೊಂಡಳು. ಮಾಂಸ ಮೆತ್ತಗೆ ಬೆಂದಿತ್ತು, ಹಣ್ಣಿನ ಸಿಹಿ ಒಳಗೆಲ್ಲ ಇಳಿದಿತ್ತು. ಉಪ್ಪು ಮಾತ್ರ ಏನೇನೂ ಸಾಲದಾಗಿತ್ತು, ಎಲ್ಲ ಸಪ್ಪೆ. ಅವಳು ತಲೆಯೆತ್ತಿ ನೋಡಿದಳು. ಅತ್ತೆಯ ಬಟ್ಟಲು ಅಷ್ಟು ಹೊತ್ತಿಗೆ ಖಾಲಿಯಾಗಿತ್ತು.